‘ಸೂಕ್ತ ಅಭ್ಯರ್ಥಿ ಸಿಗಲಿಲ್ಲ’ ಎಂಬ ಷರಾ

ಮೀಸಲಾತಿಯನ್ನು ಬರಿದಾಗಿಸಲು ಸಂವಿಧಾನಕ್ಕೆ ಕೈಹಚ್ಚಬೇಕಾಗಿಲ್ಲ. ಲೆಕ್ಕ ಹಾಕುವ ಕ್ರಮವನ್ನು ಬದಲಿಸಿದರೆ ಸಾಕು. ಕೇಂದ್ರೀಯ ವಿಶ್ವವಿದ್ಯಾಲಯಗಳ ಅಧ್ಯಾಪಕರ ನೇಮಕಾತಿಯಲ್ಲಿ ಇದು ನಡೆದೇಬಿಟ್ಟಿತ್ತು.

ಮೊದಲು ಇಡೀ ವಿಶ್ವವಿದ್ಯಾಲಯವೇ ಒಂದು ಘಟಕ. 200 ಬಿಂದುಗಳ ರೋಸ್ಟರಿನಲ್ಲಿ ಪರಿಶಿಷ್ಟ ಜಾತಿಗೆ 30, ಪರಿಶಿಷ್ಟ ಪಂಗಡಕ್ಕೆ 15, ಹಿಂದುಳಿದ ವರ್ಗಗಳಿಗೆ 54 ಸ್ಥಾನ. 2017ರ ಏಪ್ರಿಲಿನಲ್ಲಿ ಅಲಹಾಬಾದ್ ಹೈಕೋರ್ಟು ವಿಭಾಗವನ್ನೇ ಘಟಕವಾಗಿ ಹಿಡಿಯಬೇಕೆಂದು ತೀರ್ಪಿತ್ತಿತು. 2018ರ ಮಾರ್ಚ್ 5ರಂದು ಯುಜಿಸಿ ಅದರಂತೆ ಸುತ್ತೋಲೆ ಕಳಿಸಿತು. ಆಗ ಬಂದದ್ದು 13 ಬಿಂದುಗಳ ರೋಸ್ಟರು. ಅದರಲ್ಲಿ ಮೊದಲ ಮೂರು ಹುದ್ದೆಗಳು ಸಾಮಾನ್ಯ. ನಾಲ್ಕನೆಯದು ಹಿಂದುಳಿದವರಿಗೆ, ಏಳನೆಯದು ಪರಿಶಿಷ್ಟ ಜಾತಿಗೆ, ಹದಿನಾಲ್ಕನೆಯದು ಪರಿಶಿಷ್ಟ ಪಂಗಡಕ್ಕೆ. ಎರಡೇ ಹುದ್ದೆಗಳಿರುವ ವಿಭಾಗದಲ್ಲಿ ಬುಡಕಟ್ಟಿನ ಹುಡುಗನೊಬ್ಬನ ಸರದಿ ಬರಬೇಕಾದರೆ ಹನ್ನೆರಡು ಸಲ ಆ ಕುರ್ಚಿಗಳು ಖಾಲಿಯಾಗಬೇಕು. ಅಷ್ಟರಲ್ಲಿ ಅವನ ಮೊಮ್ಮಕ್ಕಳೂ ನಿವೃತ್ತರಾಗಿರುತ್ತಾರೆ.

ನ್ಯಾಯಾಲಯದ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ: ಸಂಸ್ಕೃತದ ಪ್ರಾಧ್ಯಾಪಕ ಭೌತಶಾಸ್ತ್ರದ ಹುದ್ದೆಗೆ ಸ್ಪರ್ಧಿಸುವುದಿಲ್ಲವಲ್ಲ? ಸ್ಪರ್ಧಿಸುವುದಿಲ್ಲ ನಿಜ. ಆದರೆ ಮೀಸಲಾತಿ ಕೇಳುವುದು ಸಂಸ್ಥೆಯೊಳಗಿನ ಪಾಲನ್ನು. ಎರಡು ವಿಷಯಗಳ ನಡುವಿನ ಸ್ಪರ್ಧೆಗೂ ಅದಕ್ಕೂ ಸಂಬಂಧವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇಂದ್ರದ ಮೇಲ್ಮನವಿಯನ್ನು ತಳ್ಳಿಹಾಕಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಬೀದಿಗಿಳಿದರು. ಚುನಾವಣೆ ಘೋಷಣೆಯಾಗಲು ಮೂರು ದಿನ ಇರುವಾಗ, ಮಾರ್ಚ್ 7ರಂದು ಸುಗ್ರೀವಾಜ್ಞೆ ಬಂತು. ಜುಲೈಯಲ್ಲಿ ಅದು ಕಾಯ್ದೆಯಾಯಿತು. ವಿಶ್ವವಿದ್ಯಾಲಯ ಮತ್ತೆ ಒಂದು ಘಟಕವಾಯಿತು. ನಮ್ಮ ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಇದು ಅನ್ವಯ.

ಹಾಗೆಂದು ಕಾಯ್ದೆ ನಿರ್ದೋಷಿಯಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಕೇಂದ್ರವೂ ಸೇರಿ ಕೆಲವು ‘ಶ್ರೇಷ್ಠ’ ಸಂಸ್ಥೆಗಳಿಗೆ ಅದು ವಿನಾಯಿತಿ ಕೊಟ್ಟಿದೆ. ಶ್ರೇಷ್ಠತೆಯೂ ಮೀಸಲಾತಿಯೂ ಒಟ್ಟಿಗೆ ಇರಲಾರವೆಂದು ಸಂಸತ್ತೇ ಒಪ್ಪಿಕೊಂಡಂತಾಯಿತು. 1918ರಲ್ಲಿ ಮೈಸೂರು ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದಾಗಲೂ ವಿರೋಧದ ದನಿ ಇದೇ ಆಗಿತ್ತು: ಆಡಳಿತದ ದಕ್ಷತೆ ಕೆಡುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ವಿನಾಯಿತಿ ಇದೆ. ಇದನ್ನು ಹೇಳದೆ ಮುಂದೆ ಹೋದರೆ ಪ್ರಾಮಾಣಿಕತೆಯಾಗದು. 30ನೇ ವಿಧಿ ನಮಗೆ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ, ದಲಿತ ಅಧ್ಯಾಪಕನಿಗೆ ಬಾಗಿಲು ಮುಚ್ಚಿರೆಂದು ಹೇಳಿಲ್ಲ. ನಮ್ಮ ಆಡಳಿತ ಮಂಡಳಿಗಳು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಿವೆಯೇ?

ಆದರೆ ನಿಜವಾದ ತಡೆ ಇರುವುದು ಸಂದರ್ಶನದ ಕೋಣೆಯಲ್ಲಿ. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪದವಿ, ನೆಟ್, ಪಿಎಚ್.ಡಿ., ಪ್ರಕಟಣೆಗಳ ಅಂಕಗಳು ಸಂದರ್ಶನಕ್ಕೆ ಕರೆಯುವುದಕ್ಕೆ ಮಾತ್ರ, ಆಯ್ಕೆ ಸಂದರ್ಶನವೊಂದರಿಂದಲೇ. ಅಂದರೆ ಹತ್ತು ಹದಿನೈದು ವರ್ಷಗಳ ಓದು ಬಾಗಿಲ ಹೊರಗೇ ಉಳಿಯುತ್ತದೆ. ಒಳಗೆ ಕೆಲವು ನಿಮಿಷಗಳ ಮಾತು, ಕಡತದ ಮೇಲೆ ‘ಸೂಕ್ತ ಅಭ್ಯರ್ಥಿ ಸಿಗಲಿಲ್ಲ’ ಎಂಬ ಷರಾ. ಯಾಕೆ ಸೂಕ್ತನಲ್ಲ? ಅಭ್ಯರ್ಥಿಗೆ ಕಾರಣ ಹೇಳುವವರಿಲ್ಲ. ದಲಿತ, ಆದಿವಾಸಿ, ಹಿಂದುಳಿದ ಅಭ್ಯರ್ಥಿಗಳಿಗೆಲ್ಲ ಈ ಷರಾ ಪರಿಚಿತ. ಒಬಿಸಿ ಪಟ್ಟಿಯ ಮೂಲಕ ಬರುವ ಮುಸ್ಲಿಮರಿಗೂ.

2023ರ ಡಿಸೆಂಬರಿನಲ್ಲಿ ಯುಜಿಸಿ ಪ್ರಕಟಿಸಿದ ಕರಡು ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು: ಅಭ್ಯರ್ಥಿಗಳು ಸಾಕಷ್ಟು ಸಿಗದಿದ್ದರೆ ಮೀಸಲು ಹುದ್ದೆಯನ್ನು ಸಾಮಾನ್ಯಕ್ಕೆ ತಿರುಗಿಸುವ ದಾರಿ ಅದರಲ್ಲಿತ್ತು. ವಿರೋಧ ಎದ್ದಮೇಲೆ, 2024ರ ಜನವರಿಯಲ್ಲಿ, ಹಾಗೇನೂ ಆಗದೆಂದು ಶಿಕ್ಷಣ ಸಚಿವಾಲಯ ಹೇಳಬೇಕಾಯಿತು. ಕರಡು ಹೋಯಿತು, ಷರಾ ಉಳಿದಿದೆ. ಆಯ್ಕೆ ಸಮಿತಿ ಪ್ರತಿಯೊಬ್ಬ ಅಭ್ಯರ್ಥಿಗೂ ಕೊಟ್ಟ ಅಂಕ ಮತ್ತು ನಿರಾಕರಣೆಯ ಕಾರಣವನ್ನು ಬರೆದು ಪ್ರಕಟಿಸಲಿ ಎಂಬ ಬೇಡಿಕೆಯಲ್ಲಿ ಅತಿಯಾದದ್ದೇನಿದೆ? ಖಾಲಿ ಉಳಿದ ಹುದ್ದೆಯ ಪಾಠ ನಿಲ್ಲುವುದಿಲ್ಲ. ಅದನ್ನು ಅತಿಥಿ ಉಪನ್ಯಾಸಕರು ಮಾಡುತ್ತಾರೆ. ಖಾಯಂ ನೌಕರಿಗೆ ಸೂಕ್ತನಲ್ಲವೆನಿಸಿಕೊಂಡವನೇ ಎಷ್ಟೋ ಕಡೆ ಅದೇ ಪಾಠವನ್ನು, ಅದೇ ವಿದ್ಯಾರ್ಥಿಗಳಿಗೆ, ತರಗತಿಯ ಲೆಕ್ಕದ ಸಂಭಾವನೆಗೆ ಮಾಡುತ್ತಿದ್ದಾನೆ.