ಹೊರೆಗಾಡಿಯೂ ಡೀಸೆಲ್ ಎಂಜಿನ್ನೂ

ಜಪಾನಿನ ಪಿಕಪ್ ಮೇಲೋ ಅಮೆರಿಕದ್ದು ಮೇಲೋ ಎಂಬ ವಾದದಲ್ಲಿ ದೇಶಾಭಿಮಾನಕ್ಕೆ ಸಲ್ಲುವ ಪ್ರಾಶಸ್ತ್ಯವು, ಆ ಗಾಡಿ ಯಾವ ಕಾರ್ಯಕ್ಕಾಗಿ ನಿರ್ಮಿತವಾಯಿತೆಂಬ ವಿಚಾರಕ್ಕೆ ಸಲ್ಲುವುದು ವಿರಳ. 1968ರಲ್ಲಿ ಹೊರಬಂದ ಟೊಯೋಟಾ ಹೈಲಕ್ಸನ್ನೂ, 1948ರಿಂದ ಬೆಳೆದುಬಂದ ಫೋರ್ಡಿನ ಎಫ್ ಶ್ರೇಣಿಯನ್ನೂ ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸಿದರೆ, ಮೊದಲನೆಯದು ಹೊರೆಗೆ ತಕ್ಕ ಮೈಕಟ್ಟನ್ನೂ ಎಂಜಿನ್ನನ್ನೂ ಕಾಪಾಡಿಕೊಂಡಿತೆಂದೂ, ಎರಡನೆಯದರ ಹಗುರ ಮಾದರಿಯು ಪೆಟ್ರೋಲನ್ನೇ ನೆಚ್ಚಿ, ಕಾರಿನ ಸುಖವನ್ನು ಅರಸುತ್ತ, ಗಾತ್ರದಲ್ಲಿ ಹಿಗ್ಗುತ್ತ ಹೋಯಿತೆಂದೂ ನನಗೆ ತೋರುತ್ತದೆ.

ಡೀಸೆಲ್ಲಿನ ಪರವಾಗಿ ನಾನು ನುಡಿಯುವುದಕ್ಕೆ ಕಾರಣ ಅದರ ಸಿಲಿಂಡರಿನೊಳಗೇ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಇಂಧನಗಳ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗು ಕಿಡಿ ತಾಗಿಸಿದರೆ, ಇಲ್ಲಿ ಪಿಸ್ಟನ್ನು ಬರಿಯ ಗಾಳಿಯನ್ನು ಅದರ ಮೂಲ ಗಾತ್ರದ ಹದಿನೈದನೆಯ ಒಂದು ಪಾಲಿಗಿಂತಲೂ ಕಿರಿದಾಗಿ ಅದುಮಿ, ಆ ಒತ್ತಡದಿಂದಲೇ ಕಾಯಿಸಿ, ನಾಜಲಿನಿಂದ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುವಂತೆ ಮಾಡುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಪರೀಕ್ಷೆಗೊಳಪಡಿಸಿದ ಯಂತ್ರವು ಇಂಧನದ ಶಾಖದಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚನ್ನು ಕೆಲಸವಾಗಿ ಪರಿವರ್ತಿಸಿತು. ಅಂದಿನ ಉಗಿಯಂತ್ರಗಳಿಗೆ ಅದು ದುಸ್ಸಾಧ್ಯವಾಗಿತ್ತು. ನಮ್ಮ ಬಿಡದಿಯಲ್ಲಿ ಜೋಡಣೆಯಾಗುವ ಇಂದಿನ ಹೈಲಕ್ಸಿನ 2.8 ಲೀಟರಿನ ಡೀಸೆಲ್ ಎಂಜಿನ್ನು, ಆಟೋಮ್ಯಾಟಿಕ್ ಗೇರಿನ ಮಾದರಿಯಲ್ಲಿ, ನಿಮಿಷಕ್ಕೆ 1600 ಸುತ್ತು ಮುಟ್ಟುವಷ್ಟರಲ್ಲಿಯೇ 500 ನ್ಯೂಟನ್ ಮೀಟರ್ ಟಾರ್ಕನ್ನು ಕೊಡುತ್ತದೆ. ಎಂದರೆ, ತುಂಬಿದ ಗಾಡಿಯು ಕೆಸರಿನ ಏರಿನಲ್ಲಿ ನಿಂತು ಹೊರಡಬೇಕಾದಾಗ ಆಕ್ಸಿಲರೇಟರನ್ನು ಅದುಮಿ ಎಂಜಿನ್ನನ್ನು ಅರಚಿಸುವ ಪ್ರಮೇಯ ಬಾರದು.

ಅಮೆರಿಕದ ಯಂತ್ರಜ್ಞರು ಇದನ್ನರಿಯದವರಲ್ಲ. 1989ರಲ್ಲಿ ಡಾಜ್ ಕಂಪನಿಯು ತನ್ನ ಭಾರದ ಪಿಕಪ್ಪಿಗೆ ಅಳವಡಿಸಿಕೊಂಡ ಕಮಿನ್ಸ್‌ನ 5.9 ಲೀಟರಿನ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಎಂಜಿನ್ನು ಕೇವಲ 160 ಅಶ್ವಶಕ್ತಿಯದಾಗಿದ್ದರೂ, ಎಳೆಯುವ ಸಾಮರ್ಥ್ಯದಲ್ಲಿಯೂ ಬಾಳಿಕೆಯಲ್ಲಿಯೂ ಇಂದಿಗೂ ಗೌರವಕ್ಕೆ ಪಾತ್ರವಾಗಿರುವ ಕೃತಿ. ಅದರ ಮುಂದೆ ಜಪಾನಿನ ಯಾವ ಪಿಕಪ್ಪನ್ನೂ ಭಾರ ಎಳೆಯುವ ಸ್ಪರ್ಧೆಗೆ ನಿಲ್ಲಿಸಲಾರೆ. ನನ್ನ ಆಕ್ಷೇಪವಿರುವುದು ಹಗುರ ಪಿಕಪ್ಪಿನ ವಿಷಯದಲ್ಲಿ. ಅಲ್ಲಿ ಡೀಸೆಲ್ಲಿಗೆ ಎರಡು ವಿಘ್ನಗಳೊದಗಿದವು. 1978ರಲ್ಲಿ ಬಂದ ಓಲ್ಡ್ಸ್‌ಮೊಬೈಲಿನ 5.7 ಲೀಟರಿನ ಡೀಸೆಲ್ ಎಂಜಿನ್ನಿನ ಹೆಡ್ ಬೋಲ್ಟುಗಳು ಒತ್ತಡವನ್ನು ತಾಳಲಾರದೆ ಹೋದುದರಿಂದ ಗ್ರಾಹಕರ ವಿಶ್ವಾಸಕ್ಕೆ ಭಂಗ ಬಂದಿತು. ಅದಕ್ಕೂ ಮೊದಲೇ, ಯುರೋಪು ಅಮೆರಿಕದ ಕೋಳಿಮಾಂಸದ ಮೇಲೆ ಹೇರಿದ ಸುಂಕಕ್ಕೆ ಪ್ರತೀಕಾರವಾಗಿ, 1964ರಿಂದ ಆಮದು ಹಗುರ ಟ್ರಕ್ಕುಗಳ ಮೇಲೆ ಶೇಕಡಾ 25ರ ಸುಂಕ ಬಿದ್ದಿತ್ತು. ಈ ಗೋಡೆಯ ಮರೆಯಲ್ಲಿ ಸ್ವದೇಶಿ ತಯಾರಕರಿಗೆ ಚಿಕ್ಕ ಡೀಸೆಲ್ ಗಾಡಿಯೊಡನೆ ನೇರವಾಗಿ ಸೆಣಸುವ ಅಗತ್ಯವೇ ಬೀಳಲಿಲ್ಲ. ಫೋರ್ಡ್ ಸಹ 2018ರಲ್ಲಿ ಎಫ್-150ಕ್ಕೆ ಕೊಟ್ಟ 3 ಲೀಟರಿನ ಡೀಸೆಲ್ಲನ್ನು 2021ರ ಬಳಿಕ ಕೈಬಿಟ್ಟಿತು. ಟೆಕ್ಸಾಸಿನಲ್ಲಿ ಟೊಯೋಟಾ ಕಟ್ಟುವ ಟಂಡ್ರಾ ಪೆಟ್ರೋಲಿನದೇ ಆಗಿರುವುದನ್ನು ಕಂಡರೆ, ದೋಷವನ್ನು ಕುಲಕ್ಕೆ ಕಟ್ಟದೆ ಮಾರುಕಟ್ಟೆಯ ಅಭಿರುಚಿಗೇ ಕಟ್ಟಬೇಕಾಗುತ್ತದೆ.

ಡೀಸೆಲ್ಲಿನ ಹೊಗೆ ಮಾತ್ರ ಕ್ಷಮಾರ್ಹವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಅದನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ನಾನು ಹೊಗಳಿದ ಕಮಿನ್ಸ್ ಕಂಪನಿಯೇ, ನಂತರದ ಪಿಕಪ್ ಎಂಜಿನ್ನುಗಳಲ್ಲಿ ಹೊಗೆನಿಯಂತ್ರಣವನ್ನು ವಂಚಿಸುವ ಸಾಧನಗಳಿದ್ದವೆಂಬ ಆರೋಪದ ಇತ್ಯರ್ಥಕ್ಕಾಗಿ 167.5 ಕೋಟಿ ಡಾಲರ್ ದಂಡ ತೆರಲು 2023ರ ಕೊನೆಯಲ್ಲಿ ಒಪ್ಪಬೇಕಾಯಿತು. ಈಗಿನ ಎಂಜಿನ್ನಿನ ಮಸಿಯನ್ನು ಹಿಡಿಯುವ ಫಿಲ್ಟರು ಆಗಾಗ ಚೆನ್ನಾಗಿ ಕಾದು ಆ ಮಸಿಯನ್ನು ಸುಟ್ಟುಕೊಳ್ಳಬೇಕು; ನಗರದೊಳಗೆ ನಾಲ್ಕು ಹೆಜ್ಜೆ ಓಡಿ ನಿಲ್ಲುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಆದುದರಿಂದ ಒಂಟಿಯಾಗಿ ಕಚೇರಿಗೆ ಹೋಗಿಬರುವವನಿಗೆ ನಾನು ಡೀಸೆಲ್ ಪಿಕಪ್ಪನ್ನು ಸೂಚಿಸಲಾರೆ. ದಿನವೂ ಹೊರೆಯೊಡನೆ ದೂರ ಸಾಗುವವನಿಗಾದರೆ, ಹೊಗೆಯ ನಿಯಮಗಳನ್ನು ಪ್ರಾಮಾಣಿಕವಾಗಿ ಪಾಲಿಸುವ ಡೀಸೆಲ್ಲನ್ನೇ, ಅದೂ ಹೈಲಕ್ಸಿನ ಗಾತ್ರವನ್ನು ಮೀರದ ಮೈಯಲ್ಲಿ, ನಿಸ್ಸಂಕೋಚವಾಗಿ ಸೂಚಿಸುವೆನು.