ಮಂಜರಾಬಾದ್: ನೋಡಿದ ಕೋಟೆ, ಓದದ ಕೋಟೆ

ಬೆಂಗಳೂರಿನಿಂದ ಮಂಗಳೂರಿಗೆ ಸಾಗುವ 75ನೆಯ ರಾಷ್ಟ್ರೀಯ ಹೆದ್ದಾರಿ ಹಾಸನ ಜಿಲ್ಲೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ಹಾಯುವಾಗ, ಕೋಟೆಗಳ ಚರಿತ್ರೆಯನ್ನು ಅರಿಯಬಯಸುವವನಿಗೆ ಒಂದೇ ದಾರಿಯಲ್ಲಿ ಬೇಕಾದುದೆಲ್ಲ ಸಿಗುವಂತಿದೆ. ಚನ್ನರಾಯಪಟ್ಟಣದಲ್ಲಿ ಊರಿನೊಳಗೆ ಕರಗಿಹೋದ ಕೋಟೆ, ಹಾಸನದ ಮಹಾರಾಜ ಪಾರ್ಕಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ, ಸಕಲೇಶಪುರವನ್ನು ದಾಟಿದ ಮೇಲೆ ದೋಣಿಗಲ್ಲಿನ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ ಕಟ್ಟಿಸಿದ ಮಂಜರಾಬಾದ್ ಕೋಟೆ, ಇವೆಲ್ಲ ಒಂದೇ ದಿನದ ಪ್ರಯಾಣದೊಳಗೆ ಬರುತ್ತವೆ. ಆದರೆ ಇವುಗಳಲ್ಲಿ ಒಂದು ಇನ್ನೊಂದನ್ನು ವಿವರಿಸುವ ಏರ್ಪಾಡು ಎಲ್ಲಿಯೂ ಬೆಳೆದುಬಂದಿಲ್ಲ. ಜಿಲ್ಲೆಯ ವಸ್ತುಸಂಗ್ರಹಾಲಯ, ಮಾರ್ಗದರ್ಶಿ, ಪ್ರವಾಸದ ವೇಳಾಪಟ್ಟಿ ಎಲ್ಲವೂ ದೇವಾಲಯದ ಶಿಲ್ಪವನ್ನು ನೋಡಿಸುವುದಕ್ಕೆ ಪಳಗಿವೆ. ಕೋಟೆಯನ್ನು ಓದಿಸುವ ಅಭ್ಯಾಸ ಅವಕ್ಕಿಲ್ಲ. ಮಂಜರಾಬಾದಿನಂಥ ಅಪರೂಪದ ರಚನೆ ಕೇವಲ ಆಕಾರವಾಗಿ ಉಳಿದುಬಿಟ್ಟಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ.

ಸಮುದ್ರಮಟ್ಟದಿಂದ ಸುಮಾರು 3,240 ಅಡಿ ಎತ್ತರದ ಗುಡ್ಡದ ನೆತ್ತಿಯಲ್ಲಿರುವ ಈ ಕೋಟೆ 1792ರ ಹೊತ್ತಿಗೆ ಪೂರ್ಣಗೊಂಡಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಹೆದ್ದಾರಿಯಿಂದ ಸುಮಾರು ಇನ್ನೂರೈವತ್ತು ಮೆಟ್ಟಿಲೇರಿದರೆ ಹೆಬ್ಬಾಗಿಲು ಎದುರಾಗುತ್ತದೆ. ಹೊರಗೋಡೆ ಕೆತ್ತಿದ ಕಣಶಿಲೆಯನ್ನು ಸುಣ್ಣದ ಗಾರೆಯಿಂದ ಕೂಡಿಸಿ ಎಬ್ಬಿಸಿದ್ದು. ಒಳಗಿನ ಕಟ್ಟಡಗಳಿಗೆ ಸುಟ್ಟ ಇಟ್ಟಿಗೆಯನ್ನು ಬಳಸಲಾಗಿದೆ. ಗೋಡೆಯ ಹೊರಗೆ ಕಂದಕವಿದೆ, ಅಂದರೆ ಶತ್ರು ಗೋಡೆಯ ಬುಡಕ್ಕೆ ಸಲೀಸಾಗಿ ಬಾರದಂತೆ ತೋಡಿದ ಅಗಳು. ನೆಲವಿನ್ಯಾಸದಲ್ಲಿ ಕೋಟೆ ಎಂಟು ಮೂಲೆಗಳ ನಕ್ಷತ್ರ. ಈ ಕಡೆಯ ವಿವರವೇ ಇಂದು ಉಳಿದೆಲ್ಲ ವಿವರಗಳನ್ನು ನುಂಗಿಹಾಕಿದೆ. ಡ್ರೋನ್ ಕ್ಯಾಮೆರಾಗಳು ಬಂದ ಮೇಲೆ ಹಸಿರಿನ ನಡುವೆ ಕೊರೆದಿಟ್ಟಂತೆ ಕಾಣುವ ನಕ್ಷತ್ರದ ಚಿತ್ರ ಎಲ್ಲೆಡೆ ಹರಿದಾಡುತ್ತಿದ್ದು, ಆ ಚಿತ್ರವನ್ನು ನೋಡಿ ಬಂದವರು ಕೋಟೆಯೊಳಗೆ ನಿಂತು ನಕ್ಷತ್ರವನ್ನು ಹುಡುಕುತ್ತಾರೆ. ಅದು ಸಿಗುವುದಿಲ್ಲ. ನೆಲದ ಮೇಲೆ ನಿಂತವನಿಗೆ ಕಾಣುವುದು ಒಳಕ್ಕೂ ಹೊರಕ್ಕೂ ಮುರಿಯುತ್ತ ಹೋಗುವ ತಗ್ಗು ಗೋಡೆ, ನಡುವಣ ಹುಲ್ಲುಬಯಲು, ಮಧ್ಯದಲ್ಲೊಂದು ಕೊಳ, ಅಷ್ಟೆ. ಕೋಟೆಯನ್ನು ಕಟ್ಟಿದವರಿಗೆ ಆಕಾಶದಿಂದ ನೋಡುವ ಕಣ್ಣಿನ ಹಂಗಿರಲಿಲ್ಲವೆಂಬ ಸರಳ ಸಂಗತಿಯನ್ನು ಬಾಗಿಲಲ್ಲೇ ಹೇಳಿಬಿಟ್ಟಿದ್ದರೆ ಅರ್ಧ ನಿರಾಸೆ ತಪ್ಪುತ್ತಿತ್ತು.

ಮೂಲೆಗಳು ಹೀಗೇಕೆ ಚಾಚಿಕೊಂಡಿವೆ ಎಂಬುದನ್ನು ತಿಳಿಯಬೇಕಾದರೆ ಕರ್ನಾಟಕದ ಹಳೆಯ ಕೋಟೆಗಳ ಕೊತ್ತಳವನ್ನು ನೆನೆಯಬೇಕು. ಕೊತ್ತಳವೆಂದರೆ ಗೋಡೆಯಿಂದ ಹೊರಕ್ಕೆ ಉಬ್ಬಿ ನಿಂತ, ಮೇಲೆ ಫಿರಂಗಿ ಅಥವಾ ಬಂದೂಕಿನವರಿಗೆ ಜಾಗವಿರುವ ಗಟ್ಟಿ ಕಟ್ಟು; ನಮ್ಮ ಕೋಟೆಗಳಲ್ಲಿ ಅದು ಹೆಚ್ಚಾಗಿ ದುಂಡಗೆ, ಇಲ್ಲವೇ ಚೌಕವಾಗಿ ಇರುತ್ತದೆ. ದುಂಡು ಕೊತ್ತಳದ ದೋಷ ರೇಖಾಗಣಿತದ್ದು. ಅಕ್ಕಪಕ್ಕದ ಕೊತ್ತಳಗಳಿಂದ ಹಾರಿಸಿದ ಗುಂಡು ಅದರ ಮೈಯನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ಅದರ ನೇರ ಮುಂದಿರುವ ಒಂದು ತುಂಡು ನೆಲವನ್ನು ಮುಟ್ಟುವುದಿಲ್ಲ. ಮೇಲೆ ನಿಂತವನಿಗಂತೂ ಬುಡ ಕಾಣುವುದೇ ಇಲ್ಲ. ಆ ಕುರುಡು ನೆಲವನ್ನು ಹೇಗಾದರೂ ತಲುಪಿದ ಶತ್ರು ನಿರಾತಂಕವಾಗಿ ಗೋಡೆಯ ಕೆಳಗೆ ಮದ್ದು ತುಂಬಬಹುದು. ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಇಟಲಿಯ ಶಿಲ್ಪಿಗಳು ಕೊತ್ತಳವನ್ನು ಬಾಣದ ಮೊನೆಯಂತೆ ಚೂಪುಗೊಳಿಸಿ ಈ ಕುರುಡು ನೆಲವನ್ನು ಇಲ್ಲವಾಗಿಸಿದರು, ಜೊತೆಗೆ ಫಿರಂಗಿಯ ಏಟಿಗೆ ಸುಲಭ ಗುರಿಯಾಗುವ ಎತ್ತರದ ತೆಳುಗೋಡೆಯ ಬದಲು ತಗ್ಗಿನ ದಪ್ಪ ಗೋಡೆಯನ್ನು ರೂಢಿಗೆ ತಂದರು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಸೇನಾ ಎಂಜಿನಿಯರ್ ವೊಬಾನ್ (1633–1707) ಈ ವಿದ್ಯೆಯನ್ನು ಅದರ ತುದಿಗೆ ಮುಟ್ಟಿಸಿದ. ಮಂಜರಾಬಾದಿನಲ್ಲಿ ಇದನ್ನು ಕಣ್ಣಾರೆ ಪರೀಕ್ಷಿಸಬಹುದು. ಯಾವುದಾದರೂ ಒಂದು ಮೊನೆಯ ತುದಿಗೆ ನಡೆದು, ಹೊರಗಿನ ಕಣಿವೆಯನ್ನು ನೋಡುವ ಬದಲು ಹಿಂದಕ್ಕೆ ತಿರುಗಿ ಪಕ್ಕದ ಮೊನೆಯ ಕಡೆಗೆ ನೋಡಿದರೆ, ಅದರ ಗೋಡೆಯ ಮೈ ಬುಡದವರೆಗೂ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಇತ್ತ ನೋಡಿದರೂ ಹಾಗೆಯೇ. ಪ್ರತಿಯೊಂದು ಗೋಡೆಯೂ ತನ್ನನ್ನು ತಾನು ಕಾಯದೆ ಪಕ್ಕದ್ದನ್ನು ಕಾಯುವಂತೆ ಹೂಡಿದ ಈ ಲೆಕ್ಕಾಚಾರವೇ ಕೋಟೆಯ ಜೀವಾಳ. ಛಾಯಾಚಿತ್ರಕ್ಕೆಂದು ಮೊನೆಯ ತುದಿಗೆ ಹೋಗುವವರೆಲ್ಲ ಹೊರಮುಖರಾಗಿಯೇ ನಿಲ್ಲುವುದರಿಂದ, ಎರಡು ಹೆಜ್ಜೆ ಹಿಂದಿರುವ ಈ ಪಾಠ ಅವರ ಬೆನ್ನ ಹಿಂದೆಯೇ ಉಳಿಯುತ್ತದೆ.

ಆದರೆ ‘ವೊಬಾನ್ ಶೈಲಿ’ ಎಂಬ ಹಣೆಪಟ್ಟಿಯನ್ನು ಹಚ್ಚಿ ಕೈತೊಳೆದುಕೊಳ್ಳುವ ಬರಹಗಳನ್ನೂ ಪ್ರಶ್ನಿಸಬೇಕಾಗಿದೆ. ವೊಬಾನನ ಪ್ರಸಿದ್ಧ ಕೋಟೆಗಳಲ್ಲಿ ಮುಖ್ಯ ಗೋಡೆಯ ಆಚೆ ಬಿಡಿ ತ್ರಿಕೋನ ಕಟ್ಟುಗಳು, ಸೈನಿಕರು ಮರೆಯಲ್ಲಿ ಓಡಾಡುವ ಹಾದಿ, ಅದರಾಚೆ ಶತ್ರುವಿಗೆ ಯಾವ ಮರೆಯೂ ಸಿಗದಂತೆ ಇಳಿಜಾರಾಗಿ ಬೋಳಿಸಿದ ಮಣ್ಣಿನ ಬಯಲು, ಹೀಗೆ ಪದರದ ಮೇಲೆ ಪದರವಿರುತ್ತದೆ. ಮಂಜರಾಬಾದ್ ಒಂದು ಗೋಡೆ, ಒಂದು ಕಂದಕದ ಕೋಟೆ. ಅದಕ್ಕಿಂತ ಹೆಚ್ಚಾಗಿ, ಈ ವಿನ್ಯಾಸ ಹುಟ್ಟಿದ್ದು ಬಯಲುಸೀಮೆಯ ಮುತ್ತಿಗೆಗಾಗಿ. ಕಡಿದಾದ ಗುಡ್ಡದ ನೆತ್ತಿಯಲ್ಲಿ ಇಳಿಜಾರೇ ಅರ್ಧ ಕೋಟೆಯಾಗಿರುವಾಗ, ಮೇಲಕ್ಕೆ ದೊಡ್ಡ ಫಿರಂಗಿಗಳನ್ನು ಎಳೆತರುವುದೇ ಶತ್ರುವಿಗೆ ದುಸ್ಸಾಧ್ಯವಾಗಿರುವಾಗ, ನಕ್ಷತ್ರದ ಅಗತ್ಯವೇನಿತ್ತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಲೆನಾಡಿನ ಮಂಜು ಮತ್ತು ಕಾಡಿನ ಮರೆಯಲ್ಲಿ ಸದ್ದಿಲ್ಲದೆ ಹತ್ತಿಬರುವ ಬಂದೂಕಿನ ಪಡೆಯನ್ನು ಗೋಡೆಯ ಬುಡದಲ್ಲಿ ತಡೆಯಲು ಈ ಮೊನೆಗಳು ಉಪಯೋಗಕ್ಕೆ ಬರುತ್ತಿದ್ದವೆಂಬುದು ಒಂದು ಉತ್ತರ. ಹೊಸ ಯುದ್ಧವಿದ್ಯೆಯಲ್ಲಿ ತಾನೂ ಹಿಂದುಳಿದವನಲ್ಲವೆಂದು ಸಾರುವ ಅರಸನೊಬ್ಬನ ಹಂಬಲ ಕಲ್ಲಿನಲ್ಲಿ ಮೂಡಿದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಹೆಚ್ಚಿನ ತೂಕವಿದೆ ಎನ್ನಿಸುತ್ತದೆಯಾದರೂ ಮೊದಲನೆಯದನ್ನು ತಳ್ಳಿಹಾಕಲಾಗದು.

ಕೋಟೆಯ ಸ್ಥಳಕ್ಕಂತೂ ಸ್ಪಷ್ಟವಾದ ತರ್ಕವಿದೆ. 1791ರ ಮಾರ್ಚಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಕೋಟೆಯನ್ನು ಭೇದಿಸಿತು; ಮರುವರ್ಷ ಶ್ರೀರಂಗಪಟ್ಟಣದ ಮುಂದೆ ಆದ ಒಪ್ಪಂದದಲ್ಲಿ ಟಿಪ್ಪು ಮಲಬಾರ್, ಬಾರಾಮಹಲ್‌ಗಳ ಜೊತೆಗೆ ಕೊಡಗನ್ನೂ ಕಳೆದುಕೊಂಡ. ಮಂಗಳೂರು ಬಂದರು ಅವನ ಕೈಯಲ್ಲೇ ಉಳಿಯಿತು, ಆದರೆ ಅಲ್ಲಿಗೆ ಇಳಿಯುವ ದಾರಿಯ ತೆಂಕಣ ಪಕ್ಕದಲ್ಲಿ ಈಗ ಬ್ರಿಟಿಷರ ಆಶ್ರಯದ ಕೊಡಗು ನಿಂತಿತ್ತು. ಘಟ್ಟವಿಳಿಯುವ ದಾರಿಯ ತಲೆಯ ಮೇಲೆ ಕುಳಿತ ಮಂಜರಾಬಾದಿನ ಬೆಲೆ ಆ ವರ್ಷದಿಂದ ಇಮ್ಮಡಿಯಾಗಿರಬೇಕು. ಸೋಲಿನ ಪಾಠದಿಂದಲೇ ನಕ್ಷತ್ರದ ವಿನ್ಯಾಸ ಬಂದಿತೆಂದು ಕಾರ್ಯಕಾರಣವನ್ನು ಹೊಸೆಯುವುದು ಮಾತ್ರ ಆತುರವಾದೀತು. ಇಷ್ಟು ದೊಡ್ಡ ಕಟ್ಟಡ ಒಂದೇ ವರ್ಷದ ಕೆಲಸವಲ್ಲ.

ಒಳಗಿನ ರಚನೆಗಳಲ್ಲಿ ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳಬೇಕಾದದ್ದು ನಡುವಣ ಕೊಳ. ಕೂಡಿಸುವ ಚಿಹ್ನೆಯ ಆಕಾರದಲ್ಲಿ ನಾಲ್ಕು ತೋಳುಗಳನ್ನು ಚಾಚಿ, ಮೆಟ್ಟಿಲುಗಳಿಂದ ಕೆಳಕ್ಕಿಳಿಯುವ ಇದು ಮಳೆಯ ನೀರನ್ನೇ ನಂಬಿದ ಗುಡ್ಡದ ಕೋಟೆಗೆ ಉಸಿರಿನಂತಿತ್ತು. ಅದರ ಸಮೀಪದ ಕಮಾನು ಕಟ್ಟಿನ ನೆಲಮಾಳಿಗೆಗಳನ್ನು ಮದ್ದಿನಮನೆ ಎನ್ನುತ್ತಾರೆ. ಮದ್ದಿನಮನೆಯೆಂದರೆ ಸಿಡಿಮದ್ದನ್ನು ಬಿಸಿಲು ಮತ್ತು ಕಿಡಿಗಳಿಂದ ದೂರವಿಡುವ ಉಗ್ರಾಣ. ಹೊರಗೆ ಎಷ್ಟೇ ಸೆಕೆಯಿದ್ದರೂ ಒಳಗೆ ತಂಪಾಗಿರುವ ಈ ಕೋಣೆಗಳ ಬಗ್ಗೆ ಪ್ರವಾಸಿಗರಿಗೆ ತಪ್ಪದೆ ಹೇಳಲಾಗುವ ಮಾತು, ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿದೆ ಎಂಬುದು. ನೂರು ಕಿಲೋಮೀಟರಿಗೂ ಮೀರಿದ ದೂರಕ್ಕೆ, ನಡುವೆ ಹೇಮಾವತಿಯನ್ನೂ ಕಾವೇರಿಯನ್ನೂ ಇಟ್ಟುಕೊಂಡು, ಸುರಂಗ ತೋಡಿದರೆಂಬ ಕಥೆಯನ್ನು ಅಲ್ಲಗಳೆಯಲು ಪಾಂಡಿತ್ಯ ಬೇಕಿಲ್ಲ. ಕರ್ನಾಟಕದ ಯಾವ ಕೋಟೆಗೂ ಸುರಂಗದ ಕಥೆ ತಪ್ಪಿದ್ದಲ್ಲ. ಜನರ ಕಲ್ಪನೆಯನ್ನು ಹಳಿಯುವುದಕ್ಕಿಂತ, ಆ ಕಲ್ಪನೆಗೆ ಎದುರಾಗಿ ನಿಲ್ಲಬಲ್ಲ ಒಂದು ಒಳ್ಳೆಯ ವಿವರಣೆಯನ್ನು ಒದಗಿಸದಿದ್ದವರನ್ನು ಕೇಳುವುದು ಮೇಲು.

ಆ ವಿವರಣೆ ಇರಬೇಕಾದ ಜಾಗ ವಸ್ತುಸಂಗ್ರಹಾಲಯ. ಕೋಟೆಯ ಬಳಿ ಅಂಥದ್ದಿಲ್ಲ. ಸುಮಾರು ನಲವತ್ತು ಕಿಲೋಮೀಟರ್ ದೂರದ ಹಾಸನದ್ದು ಜಿಲ್ಲೆಯ ಶಿಲ್ಪ, ಶಾಸನ, ವೀರಗಲ್ಲುಗಳನ್ನು ಒಂದೆಡೆ ತಂದು ಕಾಪಾಡುವ ಬಗೆಯದು; ವೀರಗಲ್ಲೆಂದರೆ ಊರಿಗಾಗಿ, ತುರುಗಳಿಗಾಗಿ ಹೋರಾಡಿ ಮಡಿದವನ ನೆನಪಿಗೆ ನಿಲ್ಲಿಸಿದ ಚಿತ್ರಶಿಲೆ. ಈ ಬಗೆಯ ಸಂಗ್ರಹ ಅನೇಕ ಶಿಲೆಗಳನ್ನು ಹೊಲದ ಬದುವಿನಿಂದ, ಒಗೆಯುವ ಕಲ್ಲಾಗುವ ಗತಿಯಿಂದ ಉಳಿಸಿದೆ ಎಂಬುದನ್ನು ಮರೆಯಬಾರದು. ಆದರೂ ನೆಲದಿಂದ ಕಿತ್ತುತಂದ ಶಿಲೆ ತನ್ನ ಊರನ್ನು ಕಳೆದುಕೊಳ್ಳುತ್ತದೆ, ಕಿತ್ತುತರಲಾಗದ ಕೋಟೆಯಂತೂ ಸಂಗ್ರಹಾಲಯದ ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ಹೋಲಿಸಿದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಮಗ್ಗುಲಲ್ಲೇ ನಡೆಸುತ್ತಿರುವ ಸಂಗ್ರಹಾಲಯ ಹೆಚ್ಚು ಫಲಕಾರಿ. ಅಲ್ಲಿ ಬಿಡಿ ಶಿಲ್ಪವನ್ನು ನೋಡಿದವನು ಕೆಲವೇ ಹೆಜ್ಜೆಗಳಲ್ಲಿ ಅಂಥದೇ ಶಿಲ್ಪವನ್ನು ಗೋಡೆಯ ಮೇಲೆ ಅದರ ಸಾಲಿನೊಳಗೆ ನೋಡುತ್ತಾನೆ. ವಸ್ತುವೂ ಅದರ ನೆಲೆಯೂ ಒಂದೇ ನಡಿಗೆಯಲ್ಲಿ ಕೂಡಿಕೊಳ್ಳುತ್ತವೆ. ಆದರೆ ಅಲ್ಲಿಯೂ ದೋರಸಮುದ್ರವೆಂಬ ಹೊಯ್ಸಳ ರಾಜಧಾನಿಯ ಕೋಟೆಗೋಡೆಯ ಅವಶೇಷಗಳತ್ತ ಹೊರಳುವವರು ವಿರಳ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರನ ದಂಡು ಬಂದದ್ದು ಕೇವಲ ಒಂದು ಗುಡಿಯ ಮೇಲಲ್ಲ, ಗೋಡೆಯಿಂದ ಸುತ್ತುವರಿದ ನಗರವೊಂದರ ಮೇಲೆ ಎಂಬುದು ದೇವಾಲಯವನ್ನಷ್ಟೇ ನೋಡಿ ಮರಳುವವನಿಗೆ ಹೊಳೆಯುವುದಿಲ್ಲ.

ಈ ಒಲವಿಗೆ ಉದ್ದದ ಬೇರಿದೆ. ಶಾಸನತಜ್ಞ ಬಿ. ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದ ಬಳಿಕ, ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಮೇಲೆ, 1919ರಲ್ಲಿ ಬೇಲೂರು ಮತ್ತು ದೊಡ್ಡಗದ್ದವಳ್ಳಿಗಳ ಮೇಲೆ ಬರೆದ ಕಿರುಗ್ರಂಥಗಳು ಹೊಯ್ಸಳ ಶಿಲ್ಪವನ್ನು ನೋಡುವ ಕಣ್ಣನ್ನೇ ತಿದ್ದಿದವು. ಆ ಸಾಧನೆಯ ಮುಂದುವರಿಕೆಯೆಂಬಂತೆ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇದೇ ಜಿಲ್ಲೆಯ ಕೋಟೆಗಳಿಗೆ ಅಂಥ ಕಣ್ಣು ತಿದ್ದುವ ಬರಹದ ಪರಂಪರೆ ದಕ್ಕಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯಂಥ ಹೋಬಳಿಯ ಶಾಲೆಯಿಂದ ಹೊರಟ ಪ್ರವಾಸದ ಬಸ್ಸು ಶ್ರವಣಬೆಳಗೊಳ, ಬೇಲೂರು, ಹಳೇಬೀಡುಗಳಿಗೆ ಹೋಗುವುದು ಸಹಜವೇ. ಆದರೆ ಆ ಮಕ್ಕಳ ಸುತ್ತಲಿನ ಪೇಟೆ ಪಟ್ಟಣಗಳೆಲ್ಲ ನಾಯಕರ, ಪಾಳೆಯಗಾರರ ನೆಲೆಗಳು. ಪಾಳೆಯಗಾರನೆಂದರೆ ದೊಡ್ಡ ಅರಸನಿಗೆ ಕಪ್ಪವನ್ನೂ ದಂಡನ್ನೂ ಒಪ್ಪಿಸಿ ತನ್ನ ಸೀಮೆಯನ್ನು ತಾನೇ ಆಳಿಕೊಂಡವನು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಗೆ ಬೆಳೆದ ಊರುಗಳು. ಮೊದಲು ಕೊಳತೂರೆಂಬ ಹೆಸರಿದ್ದ ಚನ್ನರಾಯಪಟ್ಟಣದ ಕೋಟೆಯನ್ನು ದೊಡ್ಡಬಸವಯ್ಯನೆಂಬವನು ಕಟ್ಟಿಸಿದನೆಂದೂ ಟಿಪ್ಪುವಿನ ತಂದೆ ಹೈದರಾಲಿ ಅದಕ್ಕೆ ನೀರು ನಿಲ್ಲುವ ಕಂದಕವನ್ನು ತೋಡಿಸಿ ಬಾಗಿಲುಗಳನ್ನು ಬಲಪಡಿಸಿದನೆಂದೂ ಹಳೆಯ ಗೆಜೆಟಿಯರುಗಳು ಹೇಳುತ್ತವೆ. ತಂದೆ ಬಯಲಿನ ಕೋಟೆಗೆ ನೀರಿನ ಕಾವಲಿಟ್ಟ, ಮಗ ಘಟ್ಟದ ಕೋಟೆಗೆ ಕೋನಗಳ ಕಾವಲಿಟ್ಟ ಎಂಬ ಸಂಬಂಧವನ್ನು ಒಂದು ಗೋಡೆಯ ಮೇಲೆ ಎರಡು ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಿ ತೋರಿಸಬಹುದಾಗಿತ್ತು. ಹಾಸನಕ್ಕಿಂತ ಅದಕ್ಕೆ ತಕ್ಕ ಜಾಗ ಇನ್ನೊಂದಿಲ್ಲ.

ಮಂಜರಾಬಾದಿನ ಬಗೆಗಿನ ಮೌನ ಇನ್ನಷ್ಟು ದಟ್ಟವಾಗುವುದು ಟಿಪ್ಪುವಿನ ನಂತರದ ಅಧ್ಯಾಯದಲ್ಲಿ. ಈ ಸೀಮೆ ಟಿಪ್ಪುವಿಗೂ ಮುಂಚೆ ಬಲಂ ಎಂಬ ಹೆಸರಿನ ಪಾಳೆಯಪಟ್ಟಾಗಿತ್ತು, ಅದರ ಅರಸುಮನೆ ಐಗೂರಿನಲ್ಲಿತ್ತು. ಕೋಟೆ ಕಾವಲಿದ್ದದ್ದು ಹೊರಗಿನ ಶತ್ರುವಿಗಾಗಿ ಮಾತ್ರವಲ್ಲ, ಕಾಲಡಿಯಲ್ಲೇ ಇದ್ದ ಈ ಪಾಳೆಯಗಾರರಿಗಾಗಿಯೂ ಹೌದು ಎಂದು ಊಹಿಸಲು ಆಧಾರವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೇ ಬಲಂನ ವೆಂಕಟಾದ್ರಿ ನಾಯಕ ಸ್ವತಂತ್ರನಾಗಲು ಹವಣಿಸಿದ. ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಎಂದು ಜಗತ್ತಿಗೆ ಪರಿಚಿತನಾದ ಆರ್ಥರ್ ವೆಲ್ಲೆಸ್ಲಿ 1802ರಲ್ಲಿ ಅವನ ಕಾಡುಕೋಟೆಯಾದ ಅರಕೆರೆಯನ್ನು ಹಿಡಿದ, ನಾಯಕನನ್ನು ಗಲ್ಲಿಗೇರಿಸಲಾಯಿತು. ಯೂರೋಪಿಯನ್ ಮಾದರಿಯ ಕಲ್ಲಿನ ನಕ್ಷತ್ರ ಸುಮ್ಮನಿದ್ದಾಗ ಇಂಗ್ಲಿಷರನ್ನು ಎರಡು ಮೂರು ವರ್ಷ ಕಾಡಿದ್ದು ಮರ, ಮುಳ್ಳು, ಮಣ್ಣುಗಳ ಮಲೆನಾಡ ಕೋಟೆ ಎಂಬ ಈ ವೈದೃಶ್ಯಕ್ಕಿಂತ ಒಳ್ಳೆಯ ಪ್ರದರ್ಶನ ವಿಷಯವನ್ನು ಯಾವ ಸಂಗ್ರಹಾಲಯ ಬಯಸೀತು? ಆಮೇಲೆ ಬಂದ ಕಾಫಿ ತೋಟಗಾರರಲ್ಲಿ ರಾಬರ್ಟ್ ಎಲಿಯಟ್ ಎಂಬವನು ಇದೇ ಸೀಮೆಯ ಬದುಕನ್ನು ಕುರಿತು 1871 ಮತ್ತು 1894ರಲ್ಲಿ ಪುಸ್ತಕಗಳನ್ನು ಬರೆದ. ಆಡಳಿತದ ಕಡತಗಳಲ್ಲಿ ಸಕಲೇಶಪುರದ ಸುತ್ತಲಿನ ತಾಲ್ಲೂಕಿಗೆ ಬಹುಕಾಲ ಮಂಜರಾಬಾದೆಂಬ ಹೆಸರೇ ನಡೆಯಿತು. ಪಾಳೆಯಗಾರನ ಗಲ್ಲು, ಏಲಕ್ಕಿ ಕಾಫಿಗಳ ಪೇಟೆ, ಘಟ್ಟದ ರಸ್ತೆ, ಇವು ಶಿಲ್ಪವೂ ಅಲ್ಲ, ಶಾಸನವೂ ಅಲ್ಲ. ಸಂಗ್ರಹಾಲಯದ ವರ್ಗೀಕರಣದಲ್ಲಿ ಇವಕ್ಕೆ ಕಪಾಟಿಲ್ಲದ್ದರಿಂದಲೇ ಕೋಟೆಯ ಚರಿತ್ರೆ 1792ಕ್ಕೆ ಆರಂಭವಾಗಿ 1799ಕ್ಕೆ ಮುಗಿದುಹೋಗುತ್ತದೆ, ಉಳಿದದ್ದನ್ನು ಸುರಂಗದ ಕಥೆ ತುಂಬಿಕೊಳ್ಳುತ್ತದೆ.