ಒಂದು ದಿನಕ್ಕೆ ಒಂದೇ ಊರು

ಊರಿನಿಂದ ಹಿರಿಯರು ಜರ್ಮನಿಗೆ ಬಂದಿಳಿದರೆ ಇಲ್ಲಿರುವ ನಮ್ಮವರಿಗೆ ಎಲ್ಲವನ್ನೂ ತೋರಿಸಿ ಮುಗಿಸುವ ಆತುರ. ನಾಯ್‌ಶ್ವಾನ್‌ಸ್ಟೈನ್ ಅರಮನೆ, ಟಿಟಿಸೇ ಸರೋವರ, ರೈನ್ ಜಲಪಾತ, ಸಾಧ್ಯವಾದರೆ ಪ್ಯಾರಿಸ್ಸೂ ಆಗಿಬಿಡಬೇಕು. ಬಂದವರು ಕಾರಿನಲ್ಲಿ ತೂಕಡಿಸುತ್ತಾರೆ, ಇಳಿಸಿದಲ್ಲಿ ಇಳಿದು ಫೋಟೊಗೆ ನಿಲ್ಲುತ್ತಾರೆ, ಮತ್ತೆ ಹತ್ತುತ್ತಾರೆ. ನಾನು ಈ ಅವಸರದ ಕಡು ವಿರೋಧಿ. ಒಂದು ದಿನಕ್ಕೆ ಒಂದೇ ಊರು ಸಾಕು. ಅಲ್ಲೂ ನಾಲ್ಕು ಜಾಗ ಸಾಕು, ಆದರೆ ಅವನ್ನು ಬಂದವರ ಬದುಕು ನೋಡಿ ಆರಿಸಬೇಕು.

ಶಿವಮೊಗ್ಗದಿಂದ ಬಂದ ನನ್ನ ಸೋದರತ್ತೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಅವರಿಗೆಂದು ನಾನು ಆರಿಸಿದ್ದು ಟ್ಯೂಬಿಂಗೆನ್. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಬಹುಮಟ್ಟಿಗೆ ಪಾರಾದ್ದರಿಂದ ಹಳೆಯ ಬೀದಿಗಳು ಹಳೆಯವಾಗಿಯೇ ಉಳಿದಿವೆ. 1477ರಲ್ಲಿ ಎಬರ್‌ಹಾರ್ಟ್ ದೊರೆ ಕಟ್ಟಿದ ವಿಶ್ವವಿದ್ಯಾಲಯವೇ ಇಂದಿಗೂ ಊರಿನ ಉಸಿರು.

ನೆಕಾರ್ ನದಿಯ ಸೇತುವೆಯ ನಡುವಿನಿಂದ ಮೆಟ್ಟಿಲಿಳಿದರೆ ಉದ್ದನೆಯ ದ್ವೀಪ, ಅದರ ತುಂಬ ಸಾಲು ಪ್ಲೇನ್ ಮರಗಳು. ಮೊದಲ ಅರ್ಧ ಗಂಟೆ ಇಲ್ಲೇ ಬೆಂಚಿನ ಮೇಲೆ ಕೂರಬೇಕೆಂಬುದು ನನ್ನ ಕಟ್ಟುನಿಟ್ಟು. ಎದುರು ದಡದಲ್ಲಿ ಒಂದಕ್ಕೊಂದು ಭುಜ ತಾಗಿಸಿ ನಿಂತ ಬಣ್ಣದ ಮನೆಗಳು, ಅವುಗಳ ಹಿಂದೆ ಚರ್ಚಿನ ಗೋಪುರ, ನೀರಿನಂಚಿಗೆ ಹಳದಿ ಬಣ್ಣದ ಇನ್ನೊಂದು ಗೋಪುರ. ಉದ್ದನೆಯ ಗಳು ಊರಿ ದೋಣಿ ನಡೆಸುವ ಹುಡುಗರು ಕಣ್ಣೆದುರೇ ಹಾದುಹೋಗುತ್ತಾರೆ.

ಆ ಹಳದಿ ಗೋಪುರದ ಕಥೆ ಹೇಳದೆ ಯಾರನ್ನೂ ಮುಂದಕ್ಕೆ ಕರೆದೊಯ್ಯುವುದಿಲ್ಲ. ಕವಿ ಹೋಲ್ಡರ್ಲಿನ್ ಬುದ್ಧಿ ಕಲಕಿ ಇಲ್ಲಿನ ಆಸ್ಪತ್ರೆ ಸೇರಿದ್ದ. ಇನ್ನು ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದು ವೈದ್ಯರು ಕೈಬಿಟ್ಟರು. ಅವನ ಕಾದಂಬರಿ ಓದಿ ಮೆಚ್ಚಿದ್ದ ಎರ್ನ್‌ಸ್ಟ್ ಸಿಮ್ಮರ್ ಎಂಬ ಬಡಗಿ 1807ರಲ್ಲಿ ಅವನನ್ನು ಈ ಗೋಪುರವಿದ್ದ ತನ್ನ ಮನೆಗೆ ಕರೆತಂದ. ಕವಿ ಅಲ್ಲೇ 36 ವರ್ಷ ಬಾಳಿದ. ಬಡಗಿ ತೀರಿಕೊಂಡ ಮೇಲೆ ಮಗಳು ಲೊಟ್ಟೆ ನೋಡಿಕೊಂಡಳು. ಗೋಪುರ 1875ರಲ್ಲಿ ಸುಟ್ಟುಹೋದ ಮೇಲೆ ಮತ್ತೆ ಕಟ್ಟಿದ್ದು. ಅತ್ತೆ ಕವಿಯ ಬಗ್ಗೆ ಏನೂ ಕೇಳಲಿಲ್ಲ. "ಆ ಹುಡುಗಿಗೆ ಮದುವೆಯಾಯ್ತೇನೋ? ಅವಳಿಗೂ ಒಂದು ಬದುಕು ಬೇಡವಾ?" ಎಂದರು. ಮನೆಯಲ್ಲಿ ಕಾಯಿಲೆಯವರ ಸೇವೆ ಮಾಡಿದವರು ಮಾತ್ರ ಕೇಳಬಲ್ಲ ಪ್ರಶ್ನೆ ಅದು.

ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್ ಓದಿದ ಮಠದಂಥ ವಿದ್ಯಾರ್ಥಿನಿಲಯ, ಕಾದಂಬರಿಕಾರ ಹರ್ಮನ್ ಹೆಸ್ಸೆ ಕೆಲಸ ಕಲಿತ ಪುಸ್ತಕದಂಗಡಿ, 1511ರ ಖಗೋಳ ಗಡಿಯಾರವಿರುವ ಪುರಭವನ ಇವೆಲ್ಲ ದಾರಿಯಲ್ಲೇ ಸಿಗುತ್ತವೆ. ಹೆಸ್ಸೆಯ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ, ತಂದೆ ಕೆಲಕಾಲ ಮಂಗಳೂರಿನಲ್ಲಿದ್ದವರು ಎಂಬಷ್ಟು ಹೇಳಿ ಮುಂದೆ ನಡೆದೆ. ಅಲ್ಲಿಂದ ಗುಡ್ಡದ ಏರುದಾರಿಗೆ ಗುಂಡುಕಲ್ಲು ಹಾಸಿದ್ದಾರೆ. ಮಂಡಿನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅದಕ್ಕೆ ಶಕ್ತಿ ಉಳಿಸಿಕೊಳ್ಳಬೇಕು.

ಗುಡ್ಡದ ಮೇಲಿನ ಕೋಟೆ-ಅರಮನೆಯಲ್ಲಿ ಈಗ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯವಿದೆ. ಅಲ್ಲಿ ಸುಮಾರು 40 ಸಾವಿರ ವರ್ಷ ಹಿಂದೆ ಮ್ಯಾಮತ್ ದಂತದಲ್ಲಿ ಕೆತ್ತಿದ ಕುದುರೆಯೊಂದಿದೆ. ಉದ್ದ ಐದು ಸೆಂಟಿಮೀಟರೂ ಇಲ್ಲ, ಕಾಲುಗಳು ಮುರಿದಿವೆ, ಆದರೂ ಕತ್ತಿನ ಬಾಗು ನೋಡಿದರೆ ಕೆತ್ತಿದವನಿಗೆ ಕುದುರೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದು ತಿಳಿಯುತ್ತದೆ. ನಾನು ಅತ್ತೆಯನ್ನು ಇಷ್ಟೆತ್ತರ ಹತ್ತಿಸಿದ್ದು ಮಾತ್ರ ಅರಮನೆಯ ಹಳೆಯ ಅಡುಗೆಮನೆಗೋಸ್ಕರ. ದಪ್ಪ ಗೋಡೆಯ ಆ ಕೋಣೆ 19ನೇ ಶತಮಾನದಲ್ಲಿ ಪ್ರಯೋಗಶಾಲೆಯಾಗಿತ್ತು. ಸ್ವಿಟ್ಜರ್ಲೆಂಡಿನ ತರುಣ ಫ್ರೀಡ್ರಿಕ್ ಮೀಶರ್ ಆಸ್ಪತ್ರೆಯಿಂದ ಗಾಯದ ಪಟ್ಟಿಗಳನ್ನು ತರಿಸಿ, ಅವುಗಳ ಕೀವು ತೊಳೆದು, ಬಿಳಿರಕ್ತಕಣಗಳನ್ನು ಬೇರ್ಪಡಿಸಿ, ಅವುಗಳ ಕೋಶಕೇಂದ್ರದಿಂದ 1869ರಲ್ಲಿ ಹೊಸದೊಂದು ವಸ್ತುವನ್ನು ತೆಗೆದ. ನ್ಯೂಕ್ಲೀನ್ ಎಂದು ಹೆಸರಿಟ್ಟ. ನಾವಿಂದು ಡಿಎನ್‌ಎ ಎನ್ನುವುದು ಅದನ್ನೇ. ಆ ವಸ್ತು ಬೇಗ ಕೆಡುತ್ತಿದ್ದರಿಂದ ಈ ಕೆಲಸಕ್ಕೆ ಅವನಿಗೆ ಚಳಿಯೇ ಬೇಕಿತ್ತು.

ಅತ್ತೆ ಕರಿಹಲಗೆಯ ಮೇಲೆ ಡಿಎನ್‌ಎಯ ಎರಡೆಳೆಯ ಸುರುಳಿ ಬರೆದು ಪಾಠ ಮಾಡಿದವರು. ಪಾಠದಲ್ಲಿ ವಾಟ್ಸನ್, ಕ್ರಿಕ್ ಇದ್ದರು, ಮೀಶರ್ ಇರಲಿಲ್ಲ. "ಕೀವಿನಿಂದಲಾ?" ಎಂದು ಎರಡು ಸಲ ಕೇಳಿ, ಗೋಡೆ ಮುಟ್ಟಿ ನೋಡಿ, ಫಲಕಗಳನ್ನು ನನ್ನಿಂದ ಪೂರ್ತಿ ಓದಿಸಿ ಅರ್ಥ ಹೇಳಿಸಿಕೊಂಡರು. ಊಟದ ಹೊತ್ತು ಮೀರಿತು. ಮೀರಲಿ. ಇಂಥ ಹೊತ್ತಿನಲ್ಲಿ ಕರೆತಂದವರು ಗಡಿಯಾರ ನೋಡಬಾರದು.

ಕನ್ನಡಿಗರ ಜತೆ ಬಂದಾಗ ಕಿಟ್ಟೆಲರ ವಿಷಯವನ್ನು ನಾನು ಊಟದ ಮೇಜಿಗೆ ಇಟ್ಟುಕೊಳ್ಳುತ್ತೇನೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ ನಿಘಂಟಿಗಾಗಿ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ. 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ದೇವತಾಶಾಸ್ತ್ರ ಓದಿದ್ದೂ ಇಲ್ಲೇ. ಮೊದಲೇ ಹೇಳಿಬಿಟ್ಟರೆ ಕನ್ನಡಿಗರ ಮನಸ್ಸು ಅಲ್ಲೇ ನಿಂತುಬಿಡುತ್ತದೆ, ಬಡಗಿಯೂ ಕೀವೂ ಕಿವಿಗೆ ಬೀಳುವುದಿಲ್ಲ. ಚೀಸ್ ಬೆರೆತ ಸ್ಪೆಟ್ಸ್‌ಲೆ ತಟ್ಟೆ ಮುಂದಿಟ್ಟುಕೊಂಡು ಇದನ್ನು ಹೇಳಿದಾಗ ಅತ್ತೆ, "ನಮ್ಮಪ್ಪನ ಬೀರುವಿನಲ್ಲಿತ್ತಲ್ಲ ಆ ದಪ್ಪ ಪುಸ್ತಕ, ಅವರಾ?" ಎಂದರು. ಆಮೇಲೆ ಅರ್ಧ ಗಂಟೆ ಅವರು ಮಾತಾಡಿದರು, ನಾನು ಕೇಳಿದೆ. ನನ್ನ ತಾತನ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿಗಳೇ ಹೆಚ್ಚಿದ್ದವು.